ಚರಂಡಿಯ ಮುಚ್ಚಳದ ಮೇಲೆ ನಡೆಯುವ ಊರು

ಒಂದು ಲೆಕ್ಕ ಹಾಕೋಣ. ರಸ್ತೆಯ ಅಗಲ 24 ಮೀಟರ್, ಅಂದರೆ ನಾವು ಎಂಬತ್ತಡಿ ರಸ್ತೆ ಎನ್ನುತ್ತೇವಲ್ಲ, ಅದು. ಉದ್ದ ಒಂದು ಕಿಲೋಮೀಟರ್. ಅದರ ಮೇಲೆ ಗಂಟೆಗೆ 60 ಮಿಲಿಮೀಟರ್ ಲೆಕ್ಕದಲ್ಲಿ ಮಳೆ ಸುರಿಯುತ್ತಿದೆ ಎಂದಿಟ್ಟುಕೊಳ್ಳಿ. ಡಾಂಬರು ನೀರನ್ನು ಹೀರುವುದು ತೀರಾ ಕಡಿಮೆ. ಹತ್ತರಲ್ಲಿ ಒಂದು ಪಾಲು ಬಿಟ್ಟರೂ ಒಂದು ಗಂಟೆಯಲ್ಲಿ ಆ ರಸ್ತೆಯಿಂದ ಹೊರಹೋಗಬೇಕಾದ ನೀರು ಸುಮಾರು 13 ಲಕ್ಷ ಲೀಟರ್. ಬೇಸಿಗೆಯಲ್ಲಿ ನಾವು ದುಡ್ಡು ಕೊಟ್ಟು ತರಿಸುವ 6,000 ಲೀಟರಿನ ಟ್ಯಾಂಕರ್‌ಗಳು 17 ಸೆಕೆಂಡಿಗೊಂದರಂತೆ ಗಂಟೆಯಿಡೀ ಬಂದು ರಸ್ತೆಯ ಮೇಲೆ ನೀರು ಸುರಿದು ಹೋದರೆ ಎಷ್ಟಾದೀತೋ ಅಷ್ಟು. ಅಕ್ಕಪಕ್ಕದ ಕಟ್ಟಡಗಳ ತಾರಸಿ ನೀರು ಈ ಲೆಕ್ಕದಲ್ಲಿಲ್ಲ. ಮೇಲಿನ ಅಡ್ಡರಸ್ತೆಗಳಿಂದ ಇಳಿದು ಬರುವುದೂ ಇಲ್ಲ.

ಈ ನೀರು ಎಲ್ಲಿಗೆ ಹೋಗಬೇಕು? ಬೆಂಗಳೂರಿನ ಮಟ್ಟಿಗೆ ಉತ್ತರ ಸುಲಭವಾಗಬೇಕಿತ್ತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ಕೂತಿರುವ, ದೊಡ್ಡ ನದಿಯೊಂದೂ ಮಗ್ಗುಲಲ್ಲಿ ಹರಿಯದ ಊರು ಇದು. ಮೈಮೇಲೆ ಬಿದ್ದ ನೀರು ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ಕಣಿವೆಗಳಿಗೆ ತಾನೇ ಇಳಿದುಹೋಗುವಂಥ ನೆಲ. ಇಂಥ ಊರಿನಲ್ಲಿ ರಸ್ತೆಗಳು ಕೆರೆಯಾಗುವುದಕ್ಕೆ ಮಳೆಯನ್ನು ದೂರಿ ಪ್ರಯೋಜನವಿಲ್ಲ. 2022ರ ಸೆಪ್ಟೆಂಬರ್ 4ರ ರಾತ್ರಿ 131.6 ಮಿಲಿಮೀಟರ್ ಮಳೆಯಾಗಿ, ಹೊರವರ್ತುಲ ರಸ್ತೆಯ ಸಾಫ್ಟ್‌ವೇರ್ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದ ಚಿತ್ರಗಳನ್ನು ಲೋಕವೆಲ್ಲ ನೋಡಿತು. ಅಂದು ಕೆರೆ-ಕಾಲುವೆಗಳ ಒತ್ತುವರಿಯ ಬಗ್ಗೆ ಬೇಕಾದಷ್ಟು ಮಾತಾಯಿತು, ಆಗಬೇಕಾದದ್ದೇ. ಆದರೆ ರಾಜಕಾಲುವೆ ಎಷ್ಟೇ ಅಗಲವಾಗಿರಲಿ, ರಸ್ತೆಯ ನೀರು ಅಲ್ಲಿಗೆ ತಲುಪಬೇಕಲ್ಲ. ಆ ಮೊದಲ ನೂರಿನ್ನೂರು ಮೀಟರಿನ ಪ್ರಯಾಣದ ಬಗ್ಗೆ ಮಾತಾಡುವವರು ಕಡಿಮೆ. ರಸ್ತೆಯನ್ನು ಹೊಸದಾಗಿ ಕಟ್ಟುವುದು ಎಂದರೆ ಮುಖ್ಯವಾಗಿ ಆ ಪ್ರಯಾಣವನ್ನು ಸರಿಪಡಿಸುವುದು.

ನಮ್ಮ ಹಳೆಯ ರಸ್ತೆಗಳಲ್ಲಿ ಏನಿದೆ ನೋಡಿ. ಅಂಚಿನಲ್ಲಿ ಒಂದು ಪೆಟ್ಟಿಗೆಯಾಕಾರದ ಮೋರಿ, ಅದರ ಮೇಲೆ ಚಪ್ಪಡಿ ಕಲ್ಲು. ನಾವು ಫುಟ್‌ಪಾತ್ ಎಂದು ಕರೆಯುವುದು ಬಹುಪಾಲು ಕಡೆ ಈ ಮೋರಿಯ ಮುಚ್ಚಳವನ್ನು. ಮೋರಿಗೆ ಆಳ ಬೇಕು, ಜೊತೆಗೆ ಗೋಡೆ, ಚಪ್ಪಡಿ. ಹಾಗಾಗಿ ಫುಟ್‌ಪಾತ್ ರಸ್ತೆಗಿಂತ ಒಂದು ಒಂದೂವರೆ ಅಡಿ ಎತ್ತರಕ್ಕೆ ಏಳುತ್ತದೆ. ಪ್ರತಿ ಮನೆಯ ಗೇಟಿನ ಮುಂದೆ ಕಾರು ಹೋಗಲು ಅದನ್ನು ಇಳಿಸಬೇಕು, ಮತ್ತೆ ಏರಿಸಬೇಕು. ಹೂಳೆತ್ತಲು ಬಂದವರು ಚಪ್ಪಡಿ ಎತ್ತುತ್ತಾರೆ. ವಾಪಸ್ಸು ಇಡುವಾಗ ಒಂದು ಮುರಿದಿರುತ್ತದೆ, ಇನ್ನೊಂದು ಅಲ್ಲಾಡುತ್ತದೆ. ಮಂಡಿನೋವಿನ ಅಜ್ಜಿ, ಸೀರೆ ನೆರಿಗೆ ಹಿಡಿದ ಹೆಂಗಸು, ಶಾಲೆಯ ಬ್ಯಾಗು ಹೊತ್ತ ಹುಡುಗ, ಯಾರೂ ಈ ಮೆಟ್ಟಿಲಾಟ ಆಡಲು ಹೋಗದೆ ಡಾಂಬರಿನ ಅಂಚಿಗೆ ಇಳಿದು ನಡೆಯುತ್ತಾರೆ. ಆ ಅಂಚಿನಲ್ಲೇ ನೀರು ನಿಂತಿದ್ದರೆ ಇನ್ನೂ ಒಂದು ಹೆಜ್ಜೆ ಒಳಕ್ಕೆ. ಅಲ್ಲಿಗೆ ಬಸ್ಸಿನ ಚಕ್ರ ಬರುತ್ತದೆ.

ಅಂದರೆ ಮೋರಿಯನ್ನು ಎಲ್ಲಿಟ್ಟೆವು ಎಂಬುದೇ ಯಾರು ಎಲ್ಲಿ ನಡೆಯುತ್ತಾರೆ ಎಂಬುದನ್ನು ನಿರ್ಧರಿಸಿತು. ಅವರು ರಸ್ತೆಗಿಳಿದದ್ದರಿಂದ ವಾಹನಕ್ಕೆ ಸಿಗುವ ಜಾಗವೂ ಕಡಿಮೆಯಾಯಿತು. ಚರಂಡಿ, ಸುರಕ್ಷತೆ, ಸಂಚಾರ ಎಂದು ಮೂರು ಕಡತಗಳಲ್ಲಿ ಮೂರು ಇಲಾಖೆಗಳು ನೋಡುವ ಈ ವಿಷಯ ನೆಲದ ಮೇಲೆ ಒಂದೇ ನಕ್ಷೆ. ಆ ನಕ್ಷೆಯನ್ನು ಒಟ್ಟಾಗಿ ಬರೆಯದೆ ಹಾಕಿದ ಡಾಂಬರಿಗೆ ಹೊಳಪಿದ್ದೀತು, ಆಯಸ್ಸು ಇರುವುದಿಲ್ಲ.

ಒಟ್ಟಾಗಿ ಬರೆಯುವ ಪ್ರಯತ್ನವೊಂದು ಬೆಂಗಳೂರಿನಲ್ಲೇ ನಡೆಯಿತು. ಹೆಸರು ಟೆಂಡರ್ ಶ್ಯೂರ್. ಸ್ವಾತಿ ರಾಮನಾಥನ್ ಅವರ ಜನ ಅರ್ಬನ್ ಸ್ಪೇಸ್ ಸಂಸ್ಥೆ ರೂಪಿಸಿದ ಈ ಮಾದರಿಯಲ್ಲಿ, 2010ರ ದಶಕದ ನಡುವಿನ ವರ್ಷಗಳಲ್ಲಿ, ನಗರದ ಹೃದಯಭಾಗದ ಏಳು ರಸ್ತೆಗಳನ್ನು ಮೊದಲ ಹಂತದಲ್ಲಿ ಕಟ್ಟಲಾಯಿತು: ವಿಠ್ಠಲ್ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ, ರಿಚ್ಮಂಡ್, ಮ್ಯೂಸಿಯಂ, ಕಮಿಸೇರಿಯಟ್, ಕನ್ನಿಂಗ್‌ಹ್ಯಾಂ. ಖರ್ಚು ನೂರು ಕೋಟಿ ರೂಪಾಯಿಗೂ ಮಿಕ್ಕಿತು. ಹೆಸರಿನಲ್ಲೇ ಟೆಂಡರ್ ಇರುವುದು ಸುಮ್ಮನೆ ಅಲ್ಲ. ಕಾಮಗಾರಿಯ ಗುತ್ತಿಗೆ ಕರೆಯುವ ಮುಂಚೆಯೇ ಪ್ರತಿಯೊಂದು ಕೊಳವೆ, ಚೇಂಬರ್, ಕರ್ಬ್ ಕಲ್ಲು, ಮರದ ಪಾತಿ ಎಲ್ಲವೂ ನಕ್ಷೆಯಲ್ಲಿ, ಅಳತೆ ಸಮೇತ ಇರಬೇಕು ಎನ್ನುವುದು ಆ ಯೋಚನೆಯ ತಿರುಳು. ಕೇಳಲು ಇದು ತೀರಾ ಸಾಮಾನ್ಯ ಸಂಗತಿ. ಆದರೆ ಇಷ್ಟು ಕಿಲೋಮೀಟರ್ ಡಾಂಬರು, ಇಷ್ಟು ಮೀಟರ್ ಚರಂಡಿ ಎಂದು ಅಂದಾಜುಪಟ್ಟಿ ಮಾಡಿ, ಉಳಿದದ್ದನ್ನು ಸ್ಥಳದಲ್ಲಿ ನೋಡಿಕೊಳ್ಳೋಣ ಎನ್ನುವ ಪದ್ಧತಿಯನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ನೆಲದಡಿ ಏನಿದೆ ಎಂದು ತಿಳಿಯುವುದೇ ಮೊದಲ ಕಷ್ಟ. ಜಲಮಂಡಳಿಯ ಕುಡಿಯುವ ನೀರಿನ ಕೊಳವೆ, ಅದೇ ಮಂಡಳಿಯ ಒಳಚರಂಡಿ, ಬೆಸ್ಕಾಂ ಕೇಬಲ್, ಕೆಪಿಟಿಸಿಎಲ್‌ನ ಹೈಟೆನ್ಷನ್ ಕೇಬಲ್, ಬಿಎಸ್‌ಎನ್‌ಎಲ್ ತಂತಿ, ಖಾಸಗಿ ಕಂಪನಿಗಳ ಒಎಫ್‌ಸಿ, ಅಡುಗೆ ಅನಿಲದ ಪೈಪು, ಪೊಲೀಸರ ಸಿಗ್ನಲ್ ತಂತಿ, ಪಾಲಿಕೆಯ ಬೀದಿದೀಪದ ತಂತಿ. 19ನೇ ಶತಮಾನದ ಕೊನೆಗೆ ಹೆಸರಘಟ್ಟದಿಂದ ನಲ್ಲಿ ನೀರು ಬಂತು, 1905ರಲ್ಲಿ ವಿದ್ಯುತ್ ಬೀದಿದೀಪ ಬಂತು. ಅಂದಿನಿಂದ ಒಬ್ಬರ ಮೇಲೊಬ್ಬರು ಹೂತಿಟ್ಟದ್ದಕ್ಕೆ ಪೂರ್ತಿ ನಕ್ಷೆ ಎನ್ನುವುದು ಯಾವ ಕಚೇರಿಯಲ್ಲೂ ಒಂದೇ ಕಡೆ ಇರಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಒಬ್ಬರು ಮುಚ್ಚಿದ್ದನ್ನು ಇನ್ನೊಬ್ಬರು ಅಗೆಯುತ್ತಲೇ ಬಂದರು. ಅಗೆಯುವ ಮುಂಚೆ ಕೊಳವೆ-ಕೇಬಲ್ಲಿನ ಒಡೆಯರಿಗೆ ತಿಳಿಸಲು ಕೇಂದ್ರ ಸರ್ಕಾರ ಒಂದು ಆ್ಯಪ್ ತಂದದ್ದೇ 2023ರ ಮಾರ್ಚ್‌ನಲ್ಲಿ. ಅಲ್ಲಿಯವರೆಗೆ, ಎಷ್ಟೋ ಕಡೆ ಇಂದಿಗೂ, ಜೆಸಿಬಿಯ ಹಲ್ಲಿಗೆ ಕೇಬಲ್ ಸಿಕ್ಕಾಗ ಬಡಾವಣೆಯ ಕರೆಂಟು ಹೋಗುತ್ತದೆ. ಆಗ ಗೊತ್ತಾಗುತ್ತದೆ, ಓಹೋ ಇಲ್ಲೊಂದು ಇತ್ತು ಎಂದು.

ಟೆಂಡರ್ ಶ್ಯೂರ್ ರಸ್ತೆಗಳಲ್ಲಿ ಈ ಗೋಜಲನ್ನು ವಾಹನ ಓಡುವ ಭಾಗದಿಂದ ಎತ್ತಿ ಫುಟ್‌ಪಾತಿನ ಕೆಳಗೆ ಸಾಲಾಗಿ ಹಂಚಿದರು. ವಿದ್ಯುತ್ತಿಗೆ ಒಂದು ಡಕ್ಟ್, ಒಎಫ್‌ಸಿಗೆ ಇನ್ನೊಂದು, ನಡುನಡುವೆ ತೆರೆದು ನೋಡಲು ಚೇಂಬರ್. ರಸ್ತೆಯನ್ನು ಅಡ್ಡ ಸೀಳದೆ ಆಚೆ ದಾಟಿಸಲು ಮೊದಲೇ ಹೂತ ಖಾಲಿ ಪೈಪುಗಳು. ನಾಳೆ ಹೊಸ ಕಂಪನಿಯೊಂದು ಕೇಬಲ್ ಎಳೆಯಬೇಕೆಂದರೆ ಚೇಂಬರ್ ತೆರೆದು ತೂರಿಸಿದರಾಯಿತು. ಕುಡಿಯುವ ನೀರಿನ ಕೊಳವೆ ಮತ್ತು ಒಳಚರಂಡಿಯನ್ನು ಆದಷ್ಟು ದೂರ ಇಡಬೇಕು ಎನ್ನುವುದು ಎಲ್ಲೆಡೆಯ ನಿಯಮ, ಅದರ ಕಾರಣ ನಮ್ಮಂಥ ಊರುಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ನಮ್ಮಲ್ಲಿ ನೀರು ದಿನವಿಡೀ ಬರುವುದಿಲ್ಲ. ನೀರು ನಿಂತ ಹೊತ್ತಿನಲ್ಲಿ ಕೊಳವೆಯ ಒಳಗಿನ ಒತ್ತಡ ಇಳಿಯುತ್ತದೆ. ಆಗ ಬಿರುಕಿನ ಮೂಲಕ ಹೊರಗಿನ ಕೊಳಕು ನೀರನ್ನು ಅದು ಒಳಕ್ಕೆಳೆದುಕೊಳ್ಳುತ್ತದೆ. ಒಂದು ಬಡಾವಣೆಯಲ್ಲಿ ಇದ್ದಕ್ಕಿದ್ದಂತೆ ವಾಂತಿಭೇದಿ ಹಬ್ಬಿದ ಸುದ್ದಿಯ ಹಿಂದೆ ಹಲವು ಸಲ ಇರುವುದು ಇಂಥ ನೆರೆಹೊರೆಯೇ.

ಮಳೆನೀರಿನ ವಿಷಯಕ್ಕೆ ಮರಳೋಣ. ರಸ್ತೆಯ ನಡುಭಾಗ ಎತ್ತರ, ಅಂಚು ತಗ್ಗು. ಪ್ರತಿ ಮೀಟರಿಗೆ ಎರಡು ಎರಡೂವರೆ ಸೆಂಟಿಮೀಟರ್ ಇಳಿಜಾರು ಸಾಕು, ಕಣ್ಣಿಗೆ ಕಾಣುವುದೇ ಇಲ್ಲ. ಅಂಚಿಗೆ ಬಂದ ನೀರು ಕರ್ಬ್ ಕಲ್ಲಿನ ಗುಂಟ ಹರಿದು ಜಾಲರಿಯೊಳಗೆ ಬೀಳಬೇಕು. ಜಾಲರಿ ರಸ್ತೆಯ ಮಟ್ಟಕ್ಕಿಂತ ಅರ್ಧ ಇಂಚು ಮೇಲಿದ್ದರೂ ಕೆಲಸ ಕೆಟ್ಟಿತು, ನೀರು ಅದರ ಸುತ್ತ ಬಳಸಿಕೊಂಡು ಮುಂದೆ ಹೋಗುತ್ತದೆ. ನಮ್ಮ ಎಷ್ಟೋ ರಸ್ತೆಗಳಲ್ಲಿ ಚರಂಡಿ ಆಳವಾಗಿದೆ, ಅಗಲವಾಗಿದೆ, ಒಳಗೆ ಒಣಗಿಯೂ ಇದೆ. ಮೇಲೆ ಮೊಣಕಾಲುದ್ದ ನೀರು. ಚರಂಡಿಗೆ ಬಾಯಿಯೇ ಇಲ್ಲ, ಇದ್ದರೂ ಪ್ಲಾಸ್ಟಿಕ್ ಮತ್ತು ಎಲೆ ತುಂಬಿ ಕಟ್ಟಿಕೊಂಡಿದೆ. ಇದರ ನಂತರ ಉದ್ದದ ಇಳಿಜಾರಿನ ಪ್ರಶ್ನೆ ಬರುತ್ತದೆ. ರಸ್ತೆಯ ಉದ್ದಕ್ಕೂ ತಗ್ಗಿನ ಬಿಂದು ಎಲ್ಲಿದೆ, ಅಲ್ಲಿಂದ ರಾಜಕಾಲುವೆಗೆ ದಾರಿ ಯಾವುದು, ಆ ಕಾಲುವೆ ತುಂಬಿದಾಗ ನೀರು ಹಿಮ್ಮೆಟ್ಟಿ ಬರುತ್ತದೆಯೇ? ಅಂಡರ್‌ಪಾಸ್ ಎಂದರೆ ನಾವೇ ಕೈಯಾರೆ ಮಾಡಿದ ತಗ್ಗಿನ ಬಿಂದು. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡಳು, ವಿಧಾನಸೌಧದ ಕೂಗಳತೆಯಲ್ಲಿ.

ನೀರು ರಸ್ತೆಯನ್ನು ಕೊಲ್ಲುವ ಬಗೆಯನ್ನೂ ಹೇಳಬೇಕು, ಯಾಕೆಂದರೆ ಗುಂಡಿ ಮುಚ್ಚುವ ಗಡುವು ನಮ್ಮಲ್ಲಿ ವರ್ಷಕ್ಕೊಮ್ಮೆ ಬರುವ ಹಬ್ಬದಂತಾಗಿದೆ. ಡಾಂಬರು ಜಲ್ಲಿಯನ್ನು ಹಿಡಿದಿಟ್ಟುಕೊಳ್ಳುವ ಅಂಟು. ಬಿರುಕಿನಿಂದ ನೀರು ಇಳಿದು ನಿಂತಾಗ, ಮೇಲೆ ಚಕ್ರ ಹಾಯ್ದರೆ ಆ ನೀರು ಒತ್ತಡಕ್ಕೆ ಸಿಕ್ಕಿ ಜಲ್ಲಿಗೂ ಡಾಂಬರಿಗೂ ನಡುವೆ ನುಗ್ಗುತ್ತದೆ, ಅಂಟು ಬಿಡಿಸುತ್ತದೆ. ಕೆಳಗಿನ ಮಣ್ಣು ನೆನೆದರಂತೂ ಹೊರುವ ಶಕ್ತಿಯೇ ಹೋಗುತ್ತದೆ. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ನಡೆದ ಹೆಸರಾಂತ ರಸ್ತೆ ಪರೀಕ್ಷೆಯಿಂದ ಎಂಜಿನಿಯರುಗಳು ಒಂದು ಅಂದಾಜು ಸೂತ್ರ ಕಲಿತರು: ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗಾಗುವ ಹಾನಿ ಸುಮಾರು ಹದಿನಾರು ಪಟ್ಟು. ಅಂದರೆ ಸ್ಕೂಟರು, ಕಾರುಗಳು ರಸ್ತೆ ಕೆಡಿಸುವುದು ನಗಣ್ಯ. ಕೆಡಿಸುವುದು ಲಾರಿ, ಬಸ್ಸು ಮತ್ತು ನಿಂತ ನೀರಿನ ಜೋಡಿ. ಬಸ್ಸನ್ನು ಬಿಡಲಾಗದು, ಬಿಡಬಾರದು ಕೂಡ. ಉಳಿದದ್ದು ನೀರು.

ಟೆಂಡರ್ ಶ್ಯೂರ್ ರಸ್ತೆಗಳು ತೆರೆದುಕೊಂಡಾಗ ಕಾರಿನವರ ಮೊದಲ ಆಕ್ಷೇಪ ಏನಿತ್ತು? ಫುಟ್‌ಪಾತ್ ಇಷ್ಟು ಅಗಲ ಯಾಕೆ, ರಸ್ತೆ ಕಿರಿದಾಯಿತು ಎಂದು. ಈ ಆಕ್ಷೇಪವನ್ನು ತಳ್ಳಿಹಾಕಬಾರದು, ಆದರೆ ಅದರ ಲೆಕ್ಕ ತಪ್ಪು. ರಸ್ತೆಯ ಮೂಲಕ ಎಷ್ಟು ವಾಹನ ಸಾಗುತ್ತವೆ ಎಂಬುದನ್ನು ಅದರ ಅತ್ಯಂತ ಕಿರಿದಾದ ಜಾಗ ಮತ್ತು ಸಿಗ್ನಲ್ ತೀರ್ಮಾನಿಸುತ್ತವೆ. ಒಂದು ಕಡೆ ಎರಡು ಲೇನು, ಮುಂದೆ ಮೂರೂವರೆ, ಮತ್ತೆ ಟ್ರಾನ್ಸ್‌ಫಾರ್ಮರ್ ಬಂದು ಎರಡು ಎಂದಿದ್ದರೆ ಆ ಮೂರೂವರೆಯಿಂದ ಆಗುವ ಲಾಭ ಸೊನ್ನೆ. ಅಲ್ಲಿ ವಾಹನಗಳು ಹರಡಿಕೊಂಡು ನುಗ್ಗುತ್ತವೆ, ಮುಂದೆ ಕುತ್ತಿಗೆಯಲ್ಲಿ ಒಂದರ ಮೈಮೇಲೊಂದು ಬೀಳುತ್ತವೆ. ಹೊಸ ರಸ್ತೆಗಳಲ್ಲಿ ಉದ್ದಕ್ಕೂ ಒಂದೇ ಅಗಲದ ಲೇನುಗಳನ್ನು ಇಟ್ಟು, ಎಲ್ಲೂ ಉಪಯೋಗಕ್ಕೆ ಬಾರದೆ ಉಳಿದ ಅಂಚುಗಳನ್ನು ನಡೆಯುವವರಿಗೆ, ನಿಲುಗಡೆಗೆ, ಆಟೋಗಳಿಗೆ, ಮರಗಳಿಗೆ ಕೊಟ್ಟರು. ಕಿತ್ತುಕೊಂಡದ್ದು ಎನ್ನುವುದಕ್ಕಿಂತ, ಯಾರ ಕೈಗೂ ಸಿಗದೆ ಪೋಲಾಗುತ್ತಿದ್ದುದನ್ನು ಕೂಡಿಸಿ ಹಂಚಿದ್ದು ಎನ್ನಬಹುದು.

ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಫುಟ್‌ಪಾತಿನಲ್ಲಿ ಅಡೆತಡೆಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಇರಬೇಕು, ಎತ್ತರ 15 ಸೆಂಟಿಮೀಟರ್ ಮೀರಬಾರದು ಎನ್ನುತ್ತದೆ. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ಹಾಯುವಷ್ಟು ಜಾಗ, ಮುದುಕರು ಕಾಲೆತ್ತಿ ಇಡಬಹುದಾದಷ್ಟು ಎತ್ತರ. ನಿಮ್ಮ ಮನೆ ಹತ್ತಿರದ ಮುಖ್ಯರಸ್ತೆಯಲ್ಲಿ ಒಂದು ಟೇಪು ಹಿಡಿದು ಅಳೆದು ನೋಡಿ, ಭಾನುವಾರ ಬೆಳಗ್ಗೆಯ ಒಳ್ಳೆಯ ವ್ಯಾಯಾಮ.

ಸುರಕ್ಷತೆಯ ಅಂಕಿಗಳು ಕಠೋರವಾಗಿವೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ದ್ವಿಚಕ್ರ ವಾಹನದಲ್ಲಿದ್ದವರು ಶೇ 44ಕ್ಕೂ ಹೆಚ್ಚು. ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವಿನ ಅಪಘಾತದ ಸಂಭವ ಶೇ 4ರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವೇಗದ ಮಿತಿಯ ಫಲಕ ನೆಟ್ಟು ವೇಗ ಇಳಿಸಿದ ಊರು ಅಪರೂಪ. ಚಾಲಕ ಓದುವುದು ರಸ್ತೆಯ ಆಕಾರವನ್ನು. ಅಗಲ ಲೇನು, ನೇರ ದಾರಿ, ದೊಡ್ಡ ತಿರುವು ಕಂಡರೆ ಕಾಲು ಆ್ಯಕ್ಸಿಲರೇಟರ್ ಮೇಲೆ ತಾನಾಗಿ ಇಳಿಯುತ್ತದೆ. ಲೇನು ಬಿಗಿಯಾಗಿ, ತಿರುವು ಚಿಕ್ಕದಾಗಿ, ದಾಟುವ ಪಟ್ಟಿ ಫುಟ್‌ಪಾತಿನ ಮಟ್ಟಕ್ಕೆ ಎದ್ದಿದ್ದರೆ ತಾನಾಗಿ ಎತ್ತಿಕೊಳ್ಳುತ್ತದೆ. 14 ಮೀಟರ್ ರಸ್ತೆ ದಾಟಲು ಸೆಕೆಂಡಿಗೆ 1.2 ಮೀಟರ್ ನಡೆಯುವವರಿಗೆ ಸುಮಾರು 12 ಸೆಕೆಂಡು ಬೇಕು. ಕೋಲೂರಿ ನಡೆಯುವವರು 0.8 ಮೀಟರಿನಂತೆ ಹೋದರೆ 17ಕ್ಕೂ ಹೆಚ್ಚು. ನಡುವೆ ನಿಲ್ಲಲು ಒಂದು ದಿಣ್ಣೆ ಇಟ್ಟರೆ ಅದೇ ದಾಟು ಎರಡು ಸಣ್ಣ ದಾಟುಗಳಾಗುತ್ತದೆ, ಒಂದು ಸಲಕ್ಕೆ ಒಂದೇ ಕಡೆ ನೋಡಿದರೆ ಸಾಕು. ಈ ದಿಣ್ಣೆಗೆ ತಗಲುವ ಖರ್ಚು ಸ್ಕೈವಾಕಿನ ಖರ್ಚಿನ ಹತ್ತಿರವೂ ಸುಳಿಯುವುದಿಲ್ಲ. ಸ್ಕೈವಾಕಿನಲ್ಲಿ ಜಾಹೀರಾತು ಹಾಕಬಹುದು, ದಿಣ್ಣೆಯಲ್ಲಿ ಹಾಕಲಾಗದು. ಇರಲಿ.

ರಸ್ತೆ ಕಟ್ಟುವ ಕಾಲದ ಕಷ್ಟ ಬೇರೆಯದೇ ಕಥೆ. ಚರ್ಚ್ ಸ್ಟ್ರೀಟ್ ನೆನಪಿಸಿಕೊಳ್ಳಿ. ಬ್ರಿಗೇಡ್ ರಸ್ತೆಯಿಂದ ಸೇಂಟ್ ಮಾರ್ಕ್ಸ್ ರಸ್ತೆಯವರೆಗೆ, ಮುಕ್ಕಾಲು ಕಿಲೋಮೀಟರಿನ ಆಸುಪಾಸು. ವಾಸ್ತುಶಿಲ್ಪಿ ನರೇಶ್ ನರಸಿಂಹನ್ ಅವರ ವಿನ್ಯಾಸ. 2017ರ ಆರಂಭದಲ್ಲಿ ಅಗೆತ ಶುರುವಾಯಿತು, 2018ರ ಮಾರ್ಚ್‌ನಲ್ಲಿ ರಸ್ತೆ ತೆರೆಯಿತು. ಇಷ್ಟು ಚಿಕ್ಕ ರಸ್ತೆಗೆ ಒಂದು ವರ್ಷಕ್ಕೂ ಹೆಚ್ಚು. ಈ ನಡುವೆ ಪುಸ್ತಕದಂಗಡಿ, ಹೋಟೆಲುಗಳ ಮುಂದೆ ಹಳ್ಳ, ಧೂಳು, ಹಲಗೆಯ ಸೇತುವೆ. ಗಿರಾಕಿ ಬರಲಿಲ್ಲ, ಬಾಡಿಗೆ ನಿಲ್ಲಲಿಲ್ಲ. ನಮ್ಮ ಯೋಜನಾ ವರದಿಗಳಲ್ಲಿ ಸಿಮೆಂಟು, ಕಬ್ಬಿಣ, ಕೂಲಿ ಎಲ್ಲದಕ್ಕೂ ಒಂದು ಸಾಲು ಇರುತ್ತದೆ. ಅಂಗಡಿಯವನ ಆರು ತಿಂಗಳ ವ್ಯಾಪಾರ ನಷ್ಟಕ್ಕೆ ಸಾಲು ಕಂಡ ನೆನಪಿಲ್ಲ. ಒಂದು ಬದಿ ಮುಗಿಸಿ ಇನ್ನೊಂದು ಬದಿಗೆ ಹೋಗುವುದು, ನೂರು ಮೀಟರಿನಷ್ಟೇ ಅಗೆದು ಮುಚ್ಚಿ ಮುಂದುವರಿಯುವುದು, ಮಳೆಗಾಲದೊಳಗೆ ಚರಂಡಿ ಜೋಡಿಸಿಬಿಡುವುದು, ಇವೆಲ್ಲ ಸಾಧ್ಯ. ಗುತ್ತಿಗೆಯಲ್ಲೇ ಬರೆದಿರಬೇಕು ಅಷ್ಟೆ. ಕೆಲಸ ಮುಗಿದ ಮೇಲೆ ಚರ್ಚ್ ಸ್ಟ್ರೀಟಿನ ಕಲ್ಲುಹಾಸಿನ ಮೇಲೆ ಜನ ಕೂತರು, ಹಾಡಿದರು, ಚಿತ್ರ ಬರೆದರು. 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ವಾಹನಗಳನ್ನೇ ನಿಲ್ಲಿಸಿ ಗಾಳಿಯ ಗುಣಮಟ್ಟ ಅಳೆಯುವ ಪ್ರಯೋಗವೂ ಅಲ್ಲಿ ನಡೆಯಿತು.

ಈ ರಸ್ತೆಗಳಲ್ಲಿ ಎಲ್ಲವೂ ಸರಿಯಾಯಿತು ಎಂದರೆ ಯಾರೂ ನಂಬುವುದಿಲ್ಲ. ಸೈಕಲ್ ಪಥದಲ್ಲಿ ಬೈಕುಗಳು ನಿಂತವು. ಅಗಲ ಫುಟ್‌ಪಾತನ್ನು ದ್ವಿಚಕ್ರದವರು ಅಡ್ಡದಾರಿ ಮಾಡಿಕೊಂಡರು, ಅದನ್ನು ತಡೆಯಲು ಗಿಡ್ಡ ಕಂಬ ನೆಟ್ಟರು, ಆ ಕಂಬಗಳ ನಡುವೆ ಗಾಲಿಕುರ್ಚಿಗೇ ದಾರಿ ಕಷ್ಟವಾಯಿತು. ಮಳಿಗೆಗಳ ಸಾಲಿರುವ ರಸ್ತೆಗಳಿಗೆ ಇಷ್ಟು ದುಡ್ಡು ಸುರಿದು, ಮೋರಿಯೇ ಇಲ್ಲದ ಹೊರವಲಯದ ಬಡಾವಣೆಗಳನ್ನು ಮರೆತರು ಎಂಬ ದೂರಿನಲ್ಲಿ ಹುರುಳಿದೆ. ನನಗೆ ಅನ್ನಿಸುವುದು, ಗ್ರಾನೈಟ್ ಕಲ್ಲನ್ನು ನಕಲು ಮಾಡಬೇಕಾಗಿಲ್ಲ. ಮೊದಲು ನಕ್ಷೆ, ಆಮೇಲೆ ಟೆಂಡರ್ ಎಂಬ ಅನುಕ್ರಮವನ್ನು ನಕಲು ಮಾಡಲು ಹೆಚ್ಚು ಹಣ ಬೇಡ. ಸಿಮೆಂಟ್ ಇಟ್ಟಿಗೆಯ ಫುಟ್‌ಪಾತಿನ ಅಡಿಯಲ್ಲೂ ಡಕ್ಟ್ ಹೂಳಬಹುದು.

ಅನುಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದನ್ನು ವೈಟ್ ಟಾಪಿಂಗ್ ಆದ ಕೆಲವು ರಸ್ತೆಗಳಲ್ಲಿ ಕಾಣಬಹುದು. ಹಳೆ ಡಾಂಬರಿನ ಮೇಲೆ ಕಾಂಕ್ರೀಟ್ ಹಾಸುವ ಈ ವಿಧಾನ ತನ್ನಷ್ಟಕ್ಕೆ ಕೆಟ್ಟದ್ದಲ್ಲ. ನೀರಿಗೆ ಜಗ್ಗುವುದಿಲ್ಲ, ಗುಂಡಿ ಬೀಳುವುದು ಕಡಿಮೆ, ರಾತ್ರಿ ಬೆಳಕೂ ಚೆನ್ನಾಗಿ ಕಾಣುತ್ತದೆ. ಆದರೆ ಹದಿನೈದು ಇಪ್ಪತ್ತು ಸೆಂಟಿಮೀಟರ್ ದಪ್ಪದ ಪದರ ಬಂದಾಗ ರಸ್ತೆ ಅಷ್ಟೂ ಮೇಲಕ್ಕೇಳುತ್ತದೆ. ಹಳೆ ಬಡಾವಣೆಗಳಲ್ಲಿ ಡಾಂಬರಿನ ಮೇಲೆ ಡಾಂಬರು ಬಿದ್ದು ಎದ್ದ ರಸ್ತೆಯಿಂದ ಅಂಗಡಿಗೆ ಇಳಿದು ಹೋಗುವಂತಾಗಿದ್ದರೆ, ಈಗ ಇನ್ನೊಂದು ಮೆಟ್ಟಿಲು. ಮಳೆನೀರು ಚರಂಡಿಯ ಬದಲು ಅಂಗಡಿಯ ಬಾಗಿಲನ್ನು ಹುಡುಕಿಕೊಂಡು ಹೋಗುತ್ತದೆ. ಕೆಳಗೆ ಹೂತ ಹಳೆ ಒಳಚರಂಡಿ ಒಡೆದರೆ ಕಾಂಕ್ರೀಟನ್ನು ಕತ್ತರಿಸಬೇಕು. ಕತ್ತರಿಸಿದ ಜಾಗವನ್ನು ಡಾಂಬರಿನಿಂದ ತೇಪೆ ಹಾಕಿದ ದೃಶ್ಯ ನಮಗೆ ಅಪರಿಚಿತವಲ್ಲ. ಮರಗಳ ಬುಡಕ್ಕೂ ಕಾಂಕ್ರೀಟ್ ಬಂದು ಉಸಿರುಗಟ್ಟುತ್ತದೆ, ಬುಡದ ಸುತ್ತ ಒಂದು ಮೀಟರ್ ಬಿಡಬೇಕೆಂದು ದೆಹಲಿಯ ಮರಗಳ ವಿಷಯದಲ್ಲಿ ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿದ್ದರೂ.

ಈಗ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗಿನ ಸುಮಾರು 17 ಕಿಲೋಮೀಟರ್ ಹೊರವರ್ತುಲ ರಸ್ತೆಯನ್ನು ಮರುವಿನ್ಯಾಸ ಮಾಡುವ ಮಾತು ನಡೆದಿದೆ. ನಗರ ಪಾಲಿಕೆಯೂ 2025ರ ಸೆಪ್ಟೆಂಬರಿನಲ್ಲಿ ಐದಾಗಿ ಒಡೆದಿದೆ. ಹೊಸ ರಸ್ತೆ ಮುಗಿದ ದಿನ ಗುತ್ತಿಗೆದಾರ ಕೊಡಬೇಕಾದ ಒಂದು ದಾಖಲೆ ಇದೆ: ಯೋಜನೆಯಲ್ಲಿ ಏನಿತ್ತು ಎಂಬುದರ ಬದಲು, ನಿಜಕ್ಕೂ ಯಾವ ಕೊಳವೆಯನ್ನು ಎಷ್ಟು ಆಳದಲ್ಲಿ, ಕರ್ಬ್ ಕಲ್ಲಿನಿಂದ ಎಷ್ಟು ದೂರದಲ್ಲಿ ಹೂಳಿದರು ಎಂಬುದರ ನಕ್ಷೆ. ಕೊನೆಯ ಬಿಲ್ಲು ಪಾವತಿಯಾಗುವ ಮುಂಚೆ ಅದು ಕೈಗೆ ಬಂದಿರಬೇಕು, ಜಲಮಂಡಳಿ, ಬೆಸ್ಕಾಂ, ಪೊಲೀಸ್ ಮೂವರಿಗೂ ಪ್ರತಿ ಹೋಗಿರಬೇಕು. ಜೂನ್ ಬರುವ ಮುಂಚೆ ಯಾವ ಚೇಂಬರಿನ ಹೂಳು ತೆಗೆಯಬೇಕು, ಯಾವ ಜಾಲರಿ ಕಟ್ಟಿಕೊಂಡಿರಬಹುದು ಎಂದು ವಾರ್ಡಿನ ಎಂಜಿನಿಯರಿಗೆ ತಿಳಿಯುವುದು ಆ ಹಾಳೆಯಿಂದ. ಹಳೆಯ ಪಾಲಿಕೆಯ ಬೀರುಗಳಲ್ಲಿ ಇಂಥವು ಎಷ್ಟಿವೆ, ಐದು ಹೊಸ ಕಚೇರಿಗಳಲ್ಲಿ ಯಾವುದಕ್ಕೆ ಯಾವುದು ಹೋಯಿತು ಎಂದು ಒಂದು ಮಾಹಿತಿ ಹಕ್ಕು ಅರ್ಜಿ ಹಾಕಿ ಕೇಳಬಹುದು. ಅರ್ಜಿ ಶುಲ್ಕ 10 ರೂಪಾಯಿ.